ಒಂದು ದಿನಾನೂ ಅಳಲಿಲ್ಲವಂತೆ

ನಮ್ಮ ಮನೆಯಲ್ಲಿ ನನ್ನ ಬಗ್ಗೆ ಒಂದು ಮಾತಿದೆ. ಮದುವೆ, ನಾಮಕರಣ, ತಿಥಿ, ನೆಂಟರು ಎಲ್ಲೇ ಸೇರಲಿ, ಊಟ ಮುಗಿದು ಎಲೆ ಅಡಿಕೆ ತಟ್ಟೆ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಅದನ್ನು ಎತ್ತಿಯೇ ಎತ್ತುತ್ತಾರೆ. "ಇವಳು ಎರಡು ವರ್ಷದ ಕೂಸು ಕಣ್ರೀ. ಹನ್ನೊಂದು ತಿಂಗಳು ಅಜ್ಜಿ ಮನೇಲಿದ್ಲು. ಒಂದು ದಿನಾನೂ ಅಮ್ಮ ಬೇಕು ಅಂತ ಅಳಲಿಲ್ಲ. ಎಷ್ಟು ಚೆನ್ನಾಗಿ ಹೊಂದ್ಕೊಂಡ್ಬಿಟ್ಲು ಅಂತೀರಿ!" ಕೂತವರೆಲ್ಲ ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತಾರೆ. ಚಿಕ್ಕವಳಿದ್ದಾಗ ನನಗೂ ಅದು ಓಟದಲ್ಲಿ ಮೊದಲು ಬಂದಷ್ಟೇ ಹೆಮ್ಮೆ.

1981ರ ಮಾತು. ಅಮ್ಮನಿಗೆ ಎರಡನೇ ಬಸಿರು. ರಕ್ತದೊತ್ತಡ ಏರಿ ಕಾಲು ಬಾತುಕೊಂಡಿದ್ದವು. ಮೈಸೂರು ಬಿಟ್ಟು ಎಲ್ಲೂ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅಮ್ಮ ತವರಿಗೆ ಹೋಗುವ ಬದಲು ನನ್ನನ್ನು ಅಲ್ಲಿಗೆ ಕಳಿಸಿದರು. ಅರಸೀಕೆರೆ ಕಡೆಯ ಒಂದು ಹಳ್ಳಿ, ತೆಂಗಿನ ತೋಟದ ಅಂಚಿನ ಮನೆ. ತಮ್ಮ ದಿನ ತುಂಬುವ ಮೊದಲೇ ಹುಟ್ಟಿದ, ಹಾಲು ಕುಡಿಯಲಾರದಷ್ಟು ಸಣ್ಣಗಿದ್ದ. ಅವನ ಆರೈಕೆಯಲ್ಲಿ ಅಮ್ಮನ ಮೈ ಇಳಿಯಿತು. ಇನ್ನೊಂದು ತಿಂಗಳು ಹೋಗಲಿ, ಇನ್ನೊಂದು ತಿಂಗಳು ಹೋಗಲಿ ಅಂತ ಹನ್ನೊಂದು ತಿಂಗಳಾಯಿತು. ಇದರಲ್ಲಿ ಯಾರ ತಪ್ಪನ್ನೂ ನಾನು ಹುಡುಕುತ್ತಿಲ್ಲ. ಎರಡನೇ ಬಾಣಂತನ ಬಂತೆಂದರೆ ದೊಡ್ಡ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕುವುದು ನಮ್ಮ ಕಡೆ ತಲೆತಲಾಂತರದ ರೂಢಿ. ಇದನ್ನು ಓದುತ್ತಿರುವವರಲ್ಲೂ ಎಷ್ಟೋ ಜನ ಹಾಗೇ ಬೆಳೆದಿರುತ್ತೀರಿ.

ಅಜ್ಜಿಯನ್ನು ಅಮ್ಮ, ಮಾವಂದಿರು, ಚಿಕ್ಕಮ್ಮ ಎಲ್ಲರೂ "ಅವ್ವ" ಎನ್ನುತ್ತಿದ್ದರು. ನಾನೂ ಅವ್ವ ಎಂದೆ. ಅಲ್ಲಿಗೆ ಮನೆಯಲ್ಲಿ ತಾಯಿಯ ಜಾಗ ತುಂಬಿಹೋಯಿತು. ತಿಂಗಳುಗಳ ನಂತರ ಬಂದ ಹೆಂಗಸಿಗೆ ನಾನು ಇಟ್ಟ ಹೆಸರು "ಮೈಸೂರಮ್ಮ". ಅದೂ ನೆಂಟರ ನಗುವಿನ ಕತೆಗಳಲ್ಲಿ ಸೇರಿಕೊಂಡಿದೆ.

ನಾನು ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಸರ್ಕಾರಿ ಕೆಲಸಕ್ಕೆ ಸೇರಿ ಇಪ್ಪತ್ತಮೂರು ವರ್ಷವಾಯಿತು. ಮೊದಲ ಏಳೆಂಟು ವರ್ಷ ದಿನಕ್ಕೆ ಹತ್ತು ಸಲವಾದರೂ ಒಂದು ಮಾತು ಹೇಳುತ್ತಿದ್ದೆ. ಡ್ರಿಪ್‌ಗೆ ಕ್ಯಾನುಲಾ ಹಾಕಬೇಕು, ಮಗು ಅಮ್ಮನ ಕೊರಳಿಗೆ ಜೋತುಬಿದ್ದಿದೆ. "ನೀವು ಸ್ವಲ್ಪ ಆಚೆ ಇರಿ ಅಮ್ಮ. ನೀವಿದ್ರೆ ಇನ್ನೂ ರಚ್ಚೆ ಮಾಡುತ್ತೆ." ಆಕೆ ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಇಬ್ಬರು ಮಗುವನ್ನು ಬೆಡ್‌ಷೀಟಿನಲ್ಲಿ ಸುತ್ತಿ ಹಿಡಿಯುತ್ತಿದ್ದೆವು, ಒಬ್ಬರು ಕೈಯ ನರ ಹುಡುಕುತ್ತಿದ್ದೆವು. ಬಾಗಿಲ ಕಡೆಗೇ ನೋಡುತ್ತ ಕಿರುಚುತ್ತಿದ್ದ ಮಗು ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿತ್ತು. ಕೆಲಸ ಸಲೀಸು. ಟೀ ಹೊತ್ತಿನಲ್ಲಿ ನಾವೇ ಮಾತಾಡಿಕೊಳ್ಳುತ್ತಿದ್ದೆವು, "ತಾಯಿ ಆಚೆ ಹೋಗಿದ್ದೇ ತಡ, ಹೇಗೆ ಸುಮ್ಮನಾಯ್ತು ನೋಡು!"

ಒಂದು ಸಲ ನ್ಯುಮೋನಿಯಾ ಆಗಿ ಒಬ್ಬ ಹುಡುಗ ಬಂದ. ಒಂದು ವರ್ಷ ಎಂಟು ತಿಂಗಳು. ತಾಯಿ ಹಸಿ ಬಾಣಂತಿ, ಊರಲ್ಲೇ ಉಳಿದಿದ್ದಳು. ತಂದೆ ಹಗಲು ಕೂಲಿಗೆ ಹೋಗಿ ರಾತ್ರಿ ಬಂದು ಮಂಚದ ಕೆಳಗೆ ಮಲಗುತ್ತಿದ್ದ. ಮೊದಲೆರಡು ದಿನ ಹುಡುಗ ವಾರ್ಡು ಒಂದು ಮಾಡಿದ. ಮೂರನೇ ದಿನ ಗೋಡೆ ಕಡೆ ತಿರುಗಿ ಮಲಗಿದ. ಐದನೇ ದಿನ ಎದ್ದು ಕೂತು, ಯಾರು ಬಂದರೂ ನಗುತ್ತ, ಯಾರು ಕರೆದರೂ ಅವರ ಸೊಂಟ ಏರತೊಡಗಿದ. ಇಂಜೆಕ್ಷನ್‌ಗೆ ತಾನೇ ಕೈ ಚಾಚುತ್ತಿದ್ದ. ಸೂಜಿ ಒಳಗೆ ಹೋದರೂ ಮುಖ ಅಲುಗುತ್ತಿರಲಿಲ್ಲ. ನಾವೆಲ್ಲ ಅವನಿಗೆ "ಜಾಣ" ಎಂದೇ ಹೆಸರಿಟ್ಟಿದ್ದೆವು. ರೌಂಡ್ಸ್‌ಗೆ ಬಂದ ಹಿರಿಯ ಡಾಕ್ಟರೊಬ್ಬರಿಗೆ ನಾನು ಖುಷಿಯಿಂದ ಹೇಳಿದೆ, "ಸಾರ್, ಒಂಚೂರೂ ಅಳಲ್ಲ." ಅವರು ಹುಡುಗನನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು, "ಈ ವಯಸ್ಸಿನ ಮಗು ಸೂಜಿಗೆ ಅಳಲಿಲ್ಲ ಅಂದ್ರೆ ಸಂತೋಷಪಡೋ ವಿಷಯ ಅಲ್ಲ ಸಿಸ್ಟರ್. ಇವರಮ್ಮನ್ನ ಹಸುಗೂಸಿನ ಸಮೇತ ಹೇಗಾದ್ರೂ ಇಲ್ಲಿಗೆ ಕರೆಸಿ."

ಕರೆಸಿದೆವು. ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಆಕೆ ವಾರ್ಡಿನ ಬಾಗಿಲಲ್ಲಿ ನಿಂತಾಗ ಜಾಣ ಅವಳನ್ನು ನೋಡಿದ, ನನ್ನನ್ನು ನೋಡಿದ, ನನ್ನ ಕಡೆ ಕೈ ಚಾಚಿದ. ಆ ತಾಯಿಯ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳ ಮಂಚದ ಮೇಲೆ ಅವನನ್ನು ಬಿಟ್ಟು ಬಂದೆ. ಒಂದು ಗಂಟೆಯ ಮೇಲೆ ಅವನು ಅಳಲು ಶುರು ಮಾಡಿದ. ಸಂಜೆಯವರೆಗೂ ಅತ್ತ, ಅವಳನ್ನು ಹೊಡೆದ, ಹೊಸ ಕೂಸಿನ ಕಾಲು ಹಿಡಿದೆಳೆದ. ಡಾಕ್ಟರು ಬಂದು ಅದನ್ನು ಕೇಳಿಸಿಕೊಂಡು, "ಈಗ ಸರಿ ಹೋಗ್ತಾನೆ" ಎಂದರು. ಹೋಗುವ ಮುಂಚೆ ಒಂದು ಹೆಸರು ಬರೆದುಕೊಟ್ಟರು. ಜೇಮ್ಸ್ ರಾಬರ್ಟ್‌ಸನ್.

ರಾಬರ್ಟ್‌ಸನ್ ಸ್ಕಾಟ್ಲೆಂಡಿನ ಕಾರ್ಮಿಕ ಕುಟುಂಬದವರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಮನೋವಿಶ್ಲೇಷಕಿ ಅನ್ನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುಗೃಹಕ್ಕೆ ಅವರು ಸೇರಿದ್ದು ಬಾಯ್ಲರ್ ನೋಡಿಕೊಳ್ಳುವ ಆಳಾಗಿ. ಅಲ್ಲಿ ಕೆಲಸ ಮಾಡುವವರು ಯಾರೇ ಆಗಲಿ, ಮಕ್ಕಳು ಏನು ಮಾಡಿದರು, ಏನು ಅಂದರು ಎಂಬುದನ್ನು ಕಂಡ ಹಾಗೆ ಚೀಟಿಯಲ್ಲಿ ಬರೆದಿಡಬೇಕಿತ್ತು. ಬಾಯ್ಲರ್‌ನವರೂ ಬರೆದರು. ಮಕ್ಕಳನ್ನು ನೋಡುವುದನ್ನು ಅವರು ಕಲಿತದ್ದು ಹೀಗೆ. 1948ರಲ್ಲಿ ಅವರು ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿಯ ಜೊತೆ ಕೆಲಸಕ್ಕೆ ಸೇರಿ ಆಸ್ಪತ್ರೆಗಳ ಮಕ್ಕಳ ವಾರ್ಡುಗಳಲ್ಲಿ ಕೂತು ನೋಡತೊಡಗಿದರು. ಆಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಹೆತ್ತವರು ವಾರಕ್ಕೊಮ್ಮೆ ಒಂದೆರಡು ಗಂಟೆ ಬಂದು ಹೋದರೆ ಹೆಚ್ಚು. ಸೋಂಕಿನ ಭಯ ಒಂದು ಕಾರಣ. ಇನ್ನೊಂದು ಕಾರಣ ಓದಿದಾಗ ನನ್ನ ಕೈ ತಣ್ಣಗಾಯಿತು. ತಾಯಿ ಬಂದುಹೋದರೆ ಮಕ್ಕಳು ಅಳುತ್ತಾರೆ, ಬರದಿದ್ದರೆ ಸುಮ್ಮನಿರುತ್ತಾರೆ, ಎಂದು ಅಲ್ಲಿನ ನರ್ಸುಗಳು ಹೇಳುತ್ತಿದ್ದರಂತೆ. ನಮ್ಮ ಟೀ ಹೊತ್ತಿನ ಮಾತೇ.

ಮಕ್ಕಳು ಮೂರು ಹಂತಗಳಲ್ಲಿ ಬದಲಾಗುವುದನ್ನು ರಾಬರ್ಟ್‌ಸನ್ ಕಂಡರು. ಮೊದಲು ಪ್ರತಿಭಟನೆ: ಅತ್ತು ಕರೆದು, ಬಾಗಿಲು ಕಾದು, ಹತ್ತಿರ ಬಂದವರನ್ನೆಲ್ಲ ತಳ್ಳುವುದು. ಆಮೇಲೆ ಹತಾಶೆ: ಗೋಡೆ ಕಡೆ ತಿರುಗಿ, ಬೆರಳು ಚೀಪುತ್ತ, ಊಟ ಬೇಡವಾಗಿ ಕುಗ್ಗುವುದು. ಕೊನೆಗೆ ಕಳಚಿಕೊಳ್ಳುವುದು: ಮಗು ಮತ್ತೆ ನಗುತ್ತದೆ, ಉಣ್ಣುತ್ತದೆ, ಯಾರ ಹತ್ತಿರ ಬೇಕಾದರೂ ಹೋಗುತ್ತದೆ, ತಾಯಿ ಬಂದರೆ ಮಾತ್ರ ಗುರುತಿಲ್ಲದವರ ಹಾಗೆ ನೋಡುತ್ತದೆ. ಆಸ್ಪತ್ರೆಯವರು ಈ ಮೂರನೆಯದನ್ನೇ "ಹೊಂದಿಕೊಂಡಿತು" ಎಂದು ಬರೆದುಕೊಳ್ಳುತ್ತಿದ್ದರು. ಜಾಣನ ಐದು ದಿನ ನನಗೆ ಪುಟದ ಮೇಲೆ ಸಾಲು ಸಾಲಾಗಿ ಕಂಡಿತು.

ಬಾಯಿಮಾತಿನಲ್ಲಿ ಹೇಳಿದರೆ ಡಾಕ್ಟರುಗಳು ನಂಬಲಿಲ್ಲ. ಹಾಗಾಗಿ ರಾಬರ್ಟ್‌ಸನ್ ಒಂದು ಸಣ್ಣ ಸಿನಿಮಾ ಕ್ಯಾಮೆರಾ ಕೊಂಡು ಕೈಯಲ್ಲೇ ಹಿಡಿದು ಚಿತ್ರ ತೆಗೆದರು. ಹೊಕ್ಕುಳ ಹರ್ನಿಯಾದ ಆಪರೇಷನ್‌ಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ ಲಾರಾ ಎಂಬ ಎರಡೂವರೆ ವರ್ಷದ ಒಳಗಿನ ಹುಡುಗಿ. ದಿನವೂ ನಿಗದಿತ ಹೊತ್ತಿಗೆ ಚಿತ್ರೀಕರಣ, ಗೋಡೆ ಗಡಿಯಾರ ಕಾಣುವ ಹಾಗೆ. ಅತ್ತದ್ದನ್ನಷ್ಟೇ ಹೆಕ್ಕಿ ತೋರಿಸಿದ್ದಾನೆ ಎಂದು ಯಾರೂ ಅನ್ನಬಾರದಲ್ಲ. ಲಾರಾ ರಂಪ ಮಾಡುವ ಮಗುವಲ್ಲ. ವಯಸ್ಸಿಗೆ ಮೀರಿದ ಗಾಂಭೀರ್ಯ. ಅಳು ಉಕ್ಕಿ ಬಂದಾಗ ಮುಖ ಬಿಗಿ ಮಾಡಿ ತಡೆದುಕೊಳ್ಳುತ್ತಾಳೆ, ಅಮ್ಮ ಬೇಕು ಎಂದು ದೊಡ್ಡವರ ಹಾಗೆ ಕೇಳುತ್ತಾಳೆ. 1952ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಚಿತ್ರ ತೋರಿಸಿದಾಗ ಕೂತಿದ್ದ ವೈದ್ಯರು ಸಿಟ್ಟಿಗೆದ್ದರು. ಇದು ಆಸ್ಪತ್ರೆಗಳಿಗೆ ಮಾಡಿದ ಅವಮಾನ ಎಂದರು. ಏಳು ವರ್ಷದ ಮೇಲೆ, 1959ರಲ್ಲಿ, ಬ್ರಿಟನ್ ಸರ್ಕಾರ ನೇಮಿಸಿದ ಪ್ಲ್ಯಾಟ್ ಸಮಿತಿ ಹೆತ್ತವರು ಯಾವ ಹೊತ್ತಿನಲ್ಲಾದರೂ ಮಗುವಿನ ಹತ್ತಿರ ಬರಲು ಬಿಡಬೇಕು ಎಂದು ವರದಿ ಕೊಟ್ಟಿತು. ಆಮೇಲೂ ಎಷ್ಟೋ ವಾರ್ಡುಗಳ ಬಾಗಿಲು ತೆರೆಯಲು ವರ್ಷಗಳು ಹಿಡಿದವು.

ಇಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮಕ್ಕಳ ವಾರ್ಡಿನಲ್ಲಿ ತಾಯಿ ಮಗು ಒಂದೇ ಮಂಚದ ಮೇಲೆ ಮಲಗುತ್ತಾರೆ. ಮಂಚದ ಕೆಳಗೆ ಬುತ್ತಿ ಚೀಲ, ಫ್ಲಾಸ್ಕು, ಕಿಟಕಿ ಸರಳಿಗೆ ಒಣಗಲು ಹಾಕಿದ ಬಟ್ಟೆ. ನೋಡಿದವರು ಗಲೀಜು ಎನ್ನುತ್ತಾರೆ. ರಾಬರ್ಟ್‌ಸನ್ ಹೊಡೆದಾಡಿ ಕೇಳಿದ್ದು ಇದನ್ನೇ. ನಮ್ಮಲ್ಲಿ ಅದು ಬೇರೆ ಗತಿಯಿಲ್ಲದೆ ಬಂದದ್ದು, ನೋಡಿಕೊಳ್ಳಲು ಅಷ್ಟು ನರ್ಸುಗಳಿಲ್ಲ. ಆದರೂ ಆ ಮಂಚದ ಮೇಲೆ ತಾಯಿಯ ತೋಳನ್ನು ದಿಂಬು ಮಾಡಿಕೊಂಡ ಮಗುವನ್ನು ರಾತ್ರಿ ಪಾಳಿಯಲ್ಲಿ ಟಾರ್ಚು ಹಿಡಿದು ನೋಡುವಾಗ ನಾವು ಸರಿಯಾಗಿ ಮಾಡುತ್ತಿರುವ ಒಂದು ಕೆಲಸ ಇದು ಎಂದು ನನಗೆ ಅನ್ನಿಸುತ್ತದೆ.

ರಾಬರ್ಟ್‌ಸನ್ ಮತ್ತು ಅವರ ಹೆಂಡತಿ ಜಾಯ್ಸ್ ಆಮೇಲೆ ಮಾಡಿದ ಕೆಲಸ ನನಗೆ ಇನ್ನೂ ಹತ್ತಿರದ್ದು. 1960ರ ದಶಕದಲ್ಲಿ, ತಾಯಿ ಹೆರಿಗೆಗೋ ಚಿಕಿತ್ಸೆಗೋ ಆಸ್ಪತ್ರೆ ಸೇರಿದಾಗ ಒಂಟಿಯಾಗುವ ಪುಟ್ಟ ಮಕ್ಕಳ ಕತೆಯನ್ನು ಅವರು ಚಿತ್ರೀಕರಿಸಿದರು. ಅದರಲ್ಲಿ ಇಬ್ಬರು ಒಂದೇ ವಯಸ್ಸಿನವರು, ಹದಿನೇಳು ತಿಂಗಳು. ಜಾನ್ ಎಂಬ ಹುಡುಗ ಒಂಬತ್ತು ದಿನ ಶಿಶುಗೃಹದಲ್ಲಿದ್ದ. ಜೇನ್ ಎಂಬ ಹುಡುಗಿ ಹತ್ತು ದಿನ ರಾಬರ್ಟ್‌ಸನ್ ದಂಪತಿಯ ಮನೆಯಲ್ಲೇ ಇದ್ದಳು.

ಜಾನ್ ಇದ್ದ ಶಿಶುಗೃಹದ ದಾದಿಯರು ಕೆಟ್ಟವರಲ್ಲ. ನಗುಮುಖದ ಹುಡುಗಿಯರು. ಆದರೆ ಯಾವ ಮಗುವೂ ಯಾರ ಪಾಲಿನದೂ ಅಲ್ಲ. ಬೆಳಿಗ್ಗೆ ಸ್ನಾನ ಮಾಡಿಸುವವಳು ಒಬ್ಬಳು, ಊಟಕ್ಕೆ ಇನ್ನೊಬ್ಬಳು, ಮಲಗಿಸಲು ಮತ್ತೊಬ್ಬಳು. ಜಾನ್ ಒಬ್ಬೊಬ್ಬರ ಹತ್ತಿರವೂ ಹೋಗಿ ತೊಡೆ ಏರಲು ನೋಡುತ್ತಾನೆ. ಅಷ್ಟರಲ್ಲಿ ಅವಳಿಗೆ ಬೇರೆ ಕೆಲಸ, ಇಲ್ಲವೇ ಅಲ್ಲೇ ಬೆಳೆದ ಗಟ್ಟಿ ಮಕ್ಕಳು ಅವನನ್ನು ತಳ್ಳಿ ಮುಂದೆ ನುಗ್ಗುತ್ತಾರೆ. ಕೊನೆಗೆ ಅವನು ತನಗಿಂತ ದೊಡ್ಡ ಒಂದು ಗೊಂಬೆ ಕರಡಿಯನ್ನು ತಬ್ಬಿಕೊಂಡು ಮಲಗುತ್ತಾನೆ. ಊಟ ಬಿಡುತ್ತಾನೆ. ಒಂಬತ್ತನೇ ದಿನ ತಾಯಿ ಬಂದು ಎತ್ತಿಕೊಂಡರೆ ಕಿರುಚಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಅವಳ ಮುಖ ನೋಡಲೂ ಒಲ್ಲ.

ಜೇನ್‌ಗೂ ದುಃಖವಿತ್ತು. ಆದರೆ ಆ ಮನೆಯವರನ್ನು ಅವಳಿಗೆ ಮೊದಲೇ ಪರಿಚಯ ಮಾಡಿಸಿದ್ದರು. ನೋಡಿಕೊಳ್ಳುವವರು ದಿನಪೂರ್ತಿ ಒಬ್ಬರೇ. ಮನೆಯಲ್ಲಿ ಹೇಗೆ ಉಣ್ಣುತ್ತಿದ್ದಳೋ, ಹೇಗೆ ಮಲಗುತ್ತಿದ್ದಳೋ ಇಲ್ಲೂ ಹಾಗೇ. ಅಪ್ಪ ಬಂದುಹೋಗುತ್ತಿದ್ದ. ಅಮ್ಮನ ಮಾತನ್ನು ಮುಚ್ಚಿಡುತ್ತಿರಲಿಲ್ಲ. ಹತ್ತನೇ ದಿನ ಅಮ್ಮ ಬಂದಾಗ ಜೇನ್ ಅವಳ ಹತ್ತಿರ ಹೋದಳು.

ಇದನ್ನು ಓದಿದ ಮೇಲೆ ನಾನು ಚಿಕ್ಕಮ್ಮನಿಗೆ ಫೋನ್ ಮಾಡಿದೆ. 1981ರಲ್ಲಿ ಅವರಿಗೆ ಹದಿನೇಳು ವರ್ಷ, ಅದೇ ಮನೆಯಲ್ಲಿದ್ದರು. "ಚಿಕ್ಕಮ್ಮ, ನಾನು ನಿಜವಾಗ್ಲೂ ಒಂದು ದಿನಾನೂ ಅಳಲಿಲ್ವಾ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಅಳಲಿಲ್ಲ ಅಂದ್ರೆ... ಮೊದಲು ಒಂದು ವಾರ ಹತ್ತು ದಿನ ಅತ್ತೆ ಕಣೇ. ಹನ್ನೊಂದು ಗಂಟೆ ಬಸ್ಸು ಹಾರ್ನ್ ಹಾಕಿದ್ರೆ ಊಟದ ತಟ್ಟೆ ಬಿಟ್ಟು ಬೇಲಿ ಹತ್ರ ಓಡ್ತಿದ್ದೆ. ಬಸ್ಸು ಹೋದ್ಮೇಲೂ ಅಲ್ಲೇ ನಿಂತಿರ್ತಿದ್ದೆ. ಅವ್ವ ಬಂದು ಎತ್ಕೊಂಡು ಬರೋಳು. ಆಮೇಲೆ ಓಡೋದು ಬಿಟ್ಟೆ." ಅಷ್ಟೇ ಹೇಳಿ, ತೆಂಗಿನಕಾಯಿ ಸುಲಿಯುವವರು ಬಂದಿದ್ದಾರೆ ಎಂದು ಫೋನಿಟ್ಟರು.

ಆ ಹತ್ತು ದಿನವನ್ನು ನಮ್ಮ ಕುಟುಂಬ ನಲವತ್ತು ವರ್ಷಗಳಲ್ಲಿ ಮರೆತಿತ್ತು. ಮರೆತದ್ದು ಸುಳ್ಳು ಹೇಳಲಿಕ್ಕಲ್ಲ. ಕಳಿಸಿಕೊಟ್ಟ ತಾಯಿಗೂ, ಬಿಟ್ಟು ಬಂದ ಅಪ್ಪನಿಗೂ ಹಾಗೆ ನಂಬದೆ ಬದುಕುವುದು ಕಷ್ಟ. ಮಗು ಸುಮ್ಮನಾಯಿತು ಎನ್ನುವುದು ದೊಡ್ಡವರಿಗೆ ಬೇಕಾದ ಸಮಾಧಾನ.

ನನಗೆ ಮತ್ತೆ ಮತ್ತೆ ಕಾಡುವುದು ಈ ಸುಮ್ಮನಾಗುವಿಕೆಯೇ. ರುಮೇನಿಯಾದ ಕತೆ ಕೇಳಿರುತ್ತೀರಿ. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ. ಸಾಕಲಾಗದ ಮನೆಗಳ ಮಕ್ಕಳು ಸರ್ಕಾರಿ ಅನಾಥಾಲಯಗಳಿಗೆ ಬಂದು ಬಿದ್ದರು. 1989ರಲ್ಲಿ ಅವನ ಆಡಳಿತ ಉರುಳಿದಾಗ ಅಂಥ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು. ಒಳಗೆ ಹೋಗಿ ಬಂದ ಹಲವರು ಹೇಳಿದ್ದು ಆ ಕೋಣೆಗಳ ನಿಶ್ಶಬ್ದದ ಬಗ್ಗೆ. ಸಾಲು ತೊಟ್ಟಿಲುಗಳು, ತುಂಬ ಕೂಸುಗಳು, ಅಳುವಿಲ್ಲ. ಅತ್ತರೆ ಯಾರೂ ಬರುವುದಿಲ್ಲ ಎಂದು ಅವು ಕಲಿತಿದ್ದವು. ಇಪ್ಪತ್ತು ಕೂಸುಗಳ ವಾರ್ಡಿನಲ್ಲಿ ಪಾಳಿ ಮಾಡಿದ ಯಾರನ್ನಾದರೂ ಕೇಳಿ, ಅಂಥ ಕೋಣೆಯೊಳಗೆ ಕಾಲಿಡುವುದು ಎಂದರೇನು ಎಂದು.

2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಅಮೆರಿಕದ ಸಂಶೋಧಕರು ಬುಕಾರೆಸ್ಟಿನಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಆರು ಅನಾಥಾಲಯಗಳ 136 ಮಕ್ಕಳು. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳು ಸಾಕುಮನೆಗಳಿಗೆ ಹೋದರು, ಅರ್ಧ ಮಕ್ಕಳು ಇದ್ದಲ್ಲೇ ಉಳಿದರು. ಆ ಚೀಟಿಯ ವಿಷಯ ಓದುವಾಗ ನನಗೆ ಉಸಿರು ಕಟ್ಟಿತು. ಬೇರೆ ದಾರಿ ಇರಲಿಲ್ಲವೇ ಎಂದು ಇವತ್ತಿಗೂ ಅನ್ನಿಸುತ್ತದೆ. ಆದರೆ ಸಾಕುಮನೆಗೆ ಹೋದ ಮಕ್ಕಳ ಬುದ್ಧಿಮಟ್ಟ ಏರಿತು, ಒಬ್ಬರನ್ನು ತಮ್ಮವರೆಂದು ಹಚ್ಚಿಕೊಳ್ಳುವ ಶಕ್ತಿ ಬಂತು, ಮಿದುಳಿನ ವಿದ್ಯುತ್ ಅಲೆಗಳೂ ಬದಲಾದವು. ಸುಮಾರು ಎರಡು ವರ್ಷ ತುಂಬುವ ಮೊದಲು ಹೋದವರಲ್ಲಿ ಈ ಚೇತರಿಕೆ ಹೆಚ್ಚು. ತಡವಾಗಿ ಹೋದವರಿಗೂ ಏನೂ ಸಿಗಲಿಲ್ಲವೆಂದಲ್ಲ. 2005ರಿಂದ ಜಾರಿಯಾದ ಕಾನೂನಿನಲ್ಲಿ ರುಮೇನಿಯಾ, ತೀವ್ರ ಅಂಗವಿಕಲತೆ ಇರುವವರನ್ನು ಬಿಟ್ಟು, ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗಳಿಗೆ ಸೇರಿಸುವುದನ್ನೇ ನಿಲ್ಲಿಸಿತು.

ಇದಕ್ಕೂ ಎಷ್ಟೋ ಮೊದಲೇ, 1945ರಲ್ಲಿ, ರೆನೆ ಸ್ಪಿಟ್ಜ್ ಎಂಬ ವೈದ್ಯರು ಎರಡು ಜಾಗಗಳನ್ನು ಹೋಲಿಸಿ ಬರೆದಿದ್ದರು. ಒಂದು ಅನಾಥ ಶಿಶುಗಳ ಆಲಯ: ಶುಭ್ರ, ಒಳ್ಳೆಯ ಆಹಾರ, ಸೋಂಕು ಹರಡದಂತೆ ತೊಟ್ಟಿಲುಗಳ ನಡುವೆ ಬಟ್ಟೆಯ ಪರದೆ. ಇನ್ನೊಂದು ಜೈಲಿನ ಶಿಶುವಿಹಾರ: ಅಲ್ಲಿ ಕೈದಿ ತಾಯಂದಿರೇ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅವರು ಗಮನಿಸಿದ ಅವಧಿಯಲ್ಲಿ ಶುಭ್ರ ಆಲಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ತೀರಿಕೊಂಡರು. ಜೈಲಿನಲ್ಲಿ ಒಂದೂ ಇಲ್ಲ.

ಬೌಲ್ಬಿಯ ಬಗ್ಗೆ ನನಗೆ ಗೌರವವೂ ಇದೆ, ಜಗಳವೂ ಇದೆ. ಇಂಗ್ಲೆಂಡಿನ ಸಿರಿವಂತ ಮನೆಯಲ್ಲಿ ಹುಟ್ಟಿದ ಅವರನ್ನು ಬೆಳೆಸಿದ್ದು ದಾದಿ. ಅವರಿಗೆ ಸುಮಾರು ನಾಲ್ಕು ವರ್ಷವಾದಾಗ ಆಕೆ ಕೆಲಸ ಬಿಟ್ಟು ಹೋದಳು. ಹುಡುಗನಿಗೆ ಅದು ತಾಯಿ ಹೋದ ಹಾಗೆಯೇ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ ಅವರು ಪುಟ್ಟ ಮಗುವಿಗೆ ತಾಯಿಯ, ಅಥವಾ ತಾಯಿಯ ಜಾಗದಲ್ಲಿ ಸ್ಥಿರವಾಗಿ ನಿಲ್ಲುವವರ ಬೆಚ್ಚನೆಯ ಒಡನಾಟ ಬೇಕೇ ಬೇಕು ಎಂದರು. ಓದಿದ ಲೋಕ ಆ "ಅಥವಾ"ವನ್ನು ನುಂಗಿಹಾಕಿತು. ಯುದ್ಧ ಮುಗಿದು ಗಂಡಸರು ಕಾರ್ಖಾನೆಗೆ ಮರಳಿದ ಕಾಲ. ಕೆಲಸಕ್ಕೆ ಹೋಗುವ ತಾಯಂದಿರ ತಲೆಯ ಮೇಲೆ ಪಾಪದ ಮೂಟೆ ಹೊರಿಸಲು ಆ ವರದಿ ಚೆನ್ನಾಗಿ ಒದಗಿತು. ಬೌಲ್ಬಿಯೂ ಅದನ್ನು ತಡೆಯಲು ಹೆಚ್ಚು ಪ್ರಯತ್ನಪಟ್ಟಂತೆ ನನಗೆ ಕಾಣಲಿಲ್ಲ. 1972ರಲ್ಲಿ ಮೈಕಲ್ ರಟ್ಟರ್ ಎಂಬ ಮನೋವೈದ್ಯರು ಇದನ್ನೆಲ್ಲ ಮತ್ತೆ ಜರಡಿ ಹಿಡಿದರು. ಬರೀ ಅಗಲಿಕೆ ಬೇರೆ, ಯಾರೊಂದಿಗೂ ನಂಟೇ ಬೆಳೆಯದಿರುವುದು ಬೇರೆ, ಮನೆಯೊಳಗಿನ ಜಗಳ ಉಳಿಸುವ ಗಾಯ ಬೇರೆ. ಮಗು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಳ್ಳಬಲ್ಲದು ಎಂದರು. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಒಬ್ಬರಿಗಿಂತ ಹೆಚ್ಚು ಎಂದರೆ ಯಾರು ಬೇಕಾದರೂ ಎಂದಲ್ಲ. ಆರೇಳು ತಿಂಗಳ ಹೊತ್ತಿಗೆ ಮಗು ತನ್ನವರ ಮುಖವನ್ನು ಬೇರೆ ಮುಖಗಳಿಂದ ಬೇರ್ಪಡಿಸಿ ನೋಡತೊಡಗುತ್ತದೆ, ಹೊಸಬರು ಎತ್ತಿಕೊಂಡರೆ ಅಳುತ್ತದೆ. ಅಲ್ಲಿಂದ ಮೂರು ವರ್ಷದವರೆಗೆ ಅಗಲಿಕೆ ತುಂಬ ಆಳಕ್ಕೆ ನಾಟುವ ಕಾಲ. ನಾಳೆ ಬರುತ್ತೇನೆ ಎಂದರೆ ನಾಳೆ ಎಂಬುದು ಅದಕ್ಕೆ ಗೊತ್ತಿಲ್ಲ. ತನ್ನ ಭಯವನ್ನು ತಾನೇ ಇಳಿಸಿಕೊಳ್ಳಲು ಇನ್ನೂ ಬಾರದು. ಎತ್ತಿಕೊಂಡವರ ಎದೆಬಡಿತ, ಬೆನ್ನು ಸವರುವ ಕೈ, ಗೊತ್ತಿರುವ ದನಿ ಇವೇ ಅದರ ಮೈಯೊಳಗಿನ ಕಳವಳದ ರಸಗಳನ್ನು ಕೆಳಗಿಳಿಸುತ್ತವೆ. ಆ ಕೈ ತಿಂಗಳುಗಟ್ಟಲೆ ಬಾರದೆ ಹೋದರೆ ಕಾರ್ಟಿಸೋಲ್‌ನಂಥ ಹಾರ್ಮೋನುಗಳ ಏರಿಳಿತದ ಲಯವೇ ಕೆಡಬಹುದು.

ಈ ಆರು ತಿಂಗಳ ಲೆಕ್ಕ ನೋಡುವಾಗೆಲ್ಲ ನನಗೆ ನಮ್ಮ ಕಾನೂನು ನೆನಪಾಗುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ದೊಡ್ಡ ಹೆಜ್ಜೆ, ನಿಜ. ಆದರೆ 26 ವಾರ ಎಂದರೆ ಸರಿಯಾಗಿ ಆರು ತಿಂಗಳು. ಕೂಸು ಅಮ್ಮನನ್ನು ಅಮ್ಮನೆಂದು ಗುರುತು ಹಿಡಿದು, ಅವಳು ಕಣ್ಣಿಗೆ ಮರೆಯಾದರೆ ಅಳಲು ಕಲಿಯುವ ಹೊತ್ತಿಗೇ ಅವಳು ಬ್ಯಾಗು ಹಿಡಿದು ಹೊರಡಬೇಕು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಎಂದೂ ಕಾನೂನು ಹೇಳುತ್ತದೆ. ಅಂಗನವಾಡಿಗೆ ಮಗು ಹೋಗಿ ಕೂರುವುದು ಮೂರು ವರ್ಷಕ್ಕೆ. ಆರು ತಿಂಗಳಿನಿಂದ ಮೂರು ವರ್ಷದ ನಡುವಿನ ಆ ಅಂತರವನ್ನು ನಮ್ಮ ನಾಡಿನಲ್ಲಿ ಅಜ್ಜಿಯರೇ ತುಂಬಿಕೊಂಡು ಬಂದಿದ್ದಾರೆ.

ಕಳೆದ ವರ್ಷ ವಾರ್ಡಿನಲ್ಲಿ ತಂಗಿಯ ಮಗುವನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್. ತನ್ನ ಮಗ ಒಂದೂವರೆ ವರ್ಷದಿಂದ ಊರಲ್ಲಿ ಅತ್ತೆಯ ಹತ್ತಿರ. ರಾತ್ರಿ ಎಂಟೂವರೆಗೆ ವಿಡಿಯೊ ಕಾಲ್ ಮಾಡುತ್ತಾಳೆ. ನನ್ನ ಮುಂದೆಯೇ ಮಾಡಿದಳು. ಹುಡುಗ ತೆರೆಯ ಒಳಗಿಂದ ಒಂದು ಕ್ಷಣ ನೋಡಿ, ಫೋನನ್ನು ನೆಲದ ಮೇಲೆ ಮಗುಚಿ ಹಾಕಿ ಹೋದ. ಅಜ್ಜಿ ಆ ಕಡೆಯಿಂದ, "ಆಟದ ಮೇಲೆ ಜ್ಞಾನ ಕಣಮ್ಮ, ಚೆನ್ನಾಗವ್ನೆ" ಎಂದರು. ಇವಳು ನನ್ನ ಕಡೆ ತಿರುಗಿ, "ಹೊಂದ್ಕೊಂಡವ್ನೆ ಸಿಸ್ಟರ್, ಮೊದಲೆಲ್ಲ ಫೋನ್ ನೋಡಿದ್ರೇ ಅಳೋನು" ಎಂದಳು. ನಾನು ಏನು ಹೇಳಲಿ? ಕೆಲಸ ಬಿಡು ಎನ್ನಲೇ? ಅವಳ ಸಂಬಳದಲ್ಲಿ ಮೂರು ಜನ ಉಣ್ಣುತ್ತಾರೆ. ಅವನು ಫೋನ್ ಮಗುಚುವುದು ಮರೆತದ್ದಕ್ಕಲ್ಲ, ಸಿಟ್ಟಿಗೆ. ಕರೆ ಮಾಡುವುದನ್ನು ನಿಲ್ಲಿಸಬೇಡ, ಹೋದಾಗ ಹೇಳಿ ಹೊರಡು, ಅವನು ಮಲಗಿದ್ದಾಗ ಕದ್ದು ಬಸ್ಸು ಹತ್ತಬೇಡ ಎಂದೆ. ಅತ್ತರೆ ಅಳಲಿ ಎಂದೆ. ಅವಳು ಸೆರಗಿನಿಂದ ಫೋನಿನ ಗಾಜು ಒರೆಸುತ್ತ ತುಂಬ ಹೊತ್ತು ಕೂತಿದ್ದಳು.

ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ಈಗ "ಕೂಸಿನ ಮನೆ" ಬಂದಿದೆ. ಹೆಸರು ಕೇಳಿದರೇ ಸಂತೋಷವಾಗುತ್ತದೆ. ನನ್ನ ಕಳಕಳಿ ಒಂದೇ. ಗೋಡೆಗೆ ಬಣ್ಣ, ಆಟದ ಸಾಮಾನು, ಪೌಷ್ಟಿಕ ಆಹಾರ ಎಲ್ಲಕ್ಕಿಂತ ಮುಖ್ಯ, ನಿನ್ನೆ ಎತ್ತಿಕೊಂಡ ಹೆಂಗಸೇ ಇವತ್ತೂ ಎತ್ತಿಕೊಳ್ಳುವುದು. ನೂರು ದಿನಕ್ಕೊಬ್ಬರನ್ನು ಬದಲಾಯಿಸಿದರೆ ಮಗುವಿಗೆ ಅದು ಪ್ರತಿ ಸಲವೂ ಹೊಸ ಅಗಲಿಕೆ. ಆ ಹೆಂಗಸಿಗೆ ಹೊತ್ತಿಗೆ ಸರಿಯಾಗಿ, ಬದುಕುವಷ್ಟು ಸಂಬಳ ಸಿಗಬೇಕು. ಸಿಕ್ಕರೆ ಅವಳು ಉಳಿಯುತ್ತಾಳೆ.

ಹುಟ್ಟಿದ ಗಳಿಗೆಯಲ್ಲೇ ತಾಯಿ ಮಗುವನ್ನು ಬೇರೆ ಮಾಡುತ್ತಿದ್ದವರು ನಾವೇ. ತೂಕ ಕಡಿಮೆ ಇದ್ದರೆ ಕೂಸು ವಾರ್ಮರ್‌ನಲ್ಲಿ, ತಾಯಿ ಮೇಲಿನ ಮಹಡಿಯಲ್ಲಿ, ನಡುವೆ ಗಾಜು. ನನ್ನ ತಮ್ಮನನ್ನು ಅಮ್ಮ ಮೊದಲ ವಾರ ನೋಡಿದ್ದೂ ಹಾಗೆಯೇ. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಎಡ್ಗರ್ ರೇ ಎಂಬ ವೈದ್ಯರು ಇನ್‌ಕ್ಯುಬೇಟರ್ ಸಾಲದೆ ಕೂಸುಗಳನ್ನು ತಾಯಿಯ ಎದೆಗೆ ಕಟ್ಟಿದರು. ಅಲ್ಲಿಂದ ಬಂದದ್ದು ಕಾಂಗರೂ ಆರೈಕೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸುವ ದೊಡ್ಡ ಪ್ರಯತ್ನ ನಡೆದಿದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ, ದೆಹಲಿಯ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದದ್ದು, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟ ಸಣ್ಣ ತೂಕದ ಕೂಸುಗಳಲ್ಲಿ ಮೊದಲ 28 ದಿನದ ಸಾವು 100ಕ್ಕೆ 12, ಸ್ಥಿರವಾದ ಮೇಲೆ ಕೊಟ್ಟವುಗಳಲ್ಲಿ 15.7 ಎಂದು ತೋರಿಸಿತು. ನನಗೆ ಅಂಕಿಗಿಂತ ಹೆಚ್ಚಾಗಿ ಗೊತ್ತಿರುವುದು ಕಣ್ಣೆದುರಿನದು: ಒಂದೂಕಾಲು ಕೆಜಿಯ ಕೂಸು, ಟೋಪಿ, ಕಾಲುಚೀಲ, ತಾಯಿಯ ಎದೆಯ ಮೇಲೆ ಕಪ್ಪೆಯ ಹಾಗೆ ಅಂಟಿಕೊಂಡಿರುತ್ತದೆ. ಮಾನಿಟರ್‌ನಲ್ಲಿ ಹಾರಾಡುತ್ತಿದ್ದ ಉಸಿರಾಟದ ಅಂಕಿ ಹತ್ತೇ ನಿಮಿಷದಲ್ಲಿ ಇಳಿದು ನಿಲ್ಲುತ್ತದೆ. ತಾಯಿಯ ಉಸಿರೂ.

ಈಗ ಕ್ಯಾನುಲಾ ಹಾಕುವಾಗ ತಾಯಿಯನ್ನು ಕೂರಿಸಿ, ಮಗುವನ್ನು ಅವಳ ತೊಡೆಯ ಮೇಲೇ ಇರಿಸುತ್ತೇನೆ. ಅಳು ಜಾಸ್ತಿಯೇ. ಹೊಸ ಹುಡುಗಿಯರು ಗೊಣಗುತ್ತಾರೆ. ಆದರೆ ಅಳು ಅವಳ ಕೊರಳಿನಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ.

ಹೋದ ಡಿಸೆಂಬರಿನಲ್ಲಿ ಅಮ್ಮನ ಮನೆಗೆ ಹೋಗಿದ್ದೆ. ನೆನೆಸಿಟ್ಟ ಅವರೆಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಇಬ್ಬರೂ ಹಿದುಕುತ್ತಿದ್ದೆವು. ಅಮ್ಮನಿಗೆ ಎಪ್ಪತ್ತು ದಾಟಿದೆ, ಹೆಬ್ಬೆರಳು ನೋಯುತ್ತದೆ, ಆದರೂ ಬಿಡುವುದಿಲ್ಲ. ಏನೋ ಮಾತಿಗೆ ಅವಳೇ ತೆಗೆದಳು. "ಅವತ್ತು ನಿನ್ನ ಕರ್ಕೊಂಡು ಹೋಗೋಕ್ಕೆ ಬಂದಾಗ ಬಿಸ್ಕತ್ತು ಪೊಟ್ಟಣ ತಂದಿದ್ದೆ. ಕೈ ಚಾಚಿದೆ. ನೀನು ಬಂದೆ. ಪೊಟ್ಟಣದ ತುದಿ ಮಾತ್ರ ಹಿಡ್ಕೊಂಡು ಎಳ್ಕೊಂಡೆ. ನನ್ನ ಬೆರಳು ತಾಗದ ಹಾಗೆ. ಆಮೇಲೆ ಅವ್ವನ ಸೆರಗಿನ ಹಿಂದೆ ಹೋದೆ." ನಲವತ್ತಮೂರು ವರ್ಷದಲ್ಲಿ ಇದನ್ನು ಅವಳು ಒಮ್ಮೆಯೂ ಹೇಳಿರಲಿಲ್ಲ. ನೆಂಟರು ಆ ಹೊಗಳಿಕೆ ಎತ್ತಿದಾಗೆಲ್ಲ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು ಎಂಬುದು ಆಗ ನನಗೆ ಹೊಳೆಯಿತು.

"ನಂಗೆ ಅದೊಂದೂ ನೆನಪಿಲ್ಲಮ್ಮ," ಎಂದೆ. "ಅವ್ವನ ಸೆರಗಿನ ವಾಸನೆ ಮಾತ್ರ ನೆನಪಿದೆ. ನಶ್ಯ, ಒಲೆ ಹೊಗೆ, ಕೊಬ್ಬರಿ ಎಣ್ಣೆ."

ಅಮ್ಮ ಕಾಳು ಹಿದುಕುವುದನ್ನು ನಿಲ್ಲಿಸಿದಳು. "ಆಗ ನಶ್ಯ ಇರ್ಲಿಲ್ಲ. ನಾನು ಚಿಕ್ಕೋಳಿದ್ದಾಗ," ಎಂದಳು. "ಮಿಕ್ಕಿದ್ದೆಲ್ಲ ಅದೇ."